ಕತ್ತಿನ ಅಳತೆ

ನಮ್ಮ ಬೀದಿಯಲ್ಲಿ ಅಂಗಿ ಹೊಲಿಯುವವರು ಹಲವರಿದ್ದರೂ ಕಾಲರಿನ ಮಾತು ಬಂದರೆ ಜನ ಒಬ್ಬರ ಕಡೆಗೇ ಬೆರಳು ತೋರಿಸುತ್ತಿದ್ದರು. ಅವರಿಗೆ ಕಾಲರ್ ಮಾಸ್ಟರ್ ಎಂದೇ ಹೆಸರು ಬಿದ್ದಿತ್ತು. ಮೇಲಿನ ಗುಂಡಿ ಹಾಕಿದರೆ ಉಸಿರು ಕಟ್ಟಬಾರದು, ಬಿಚ್ಚಿದರೆ ಕಾಲರ್ ಜೋಲು ಬೀಳಬಾರದು. ಇದು ಅವರ ಹಟ. ಬೇರೆ ದರ್ಜಿಗಳು ಕತ್ತಿಗೆ ಟೇಪು ಸುತ್ತಿ, ಒಂದು ಬೆರಳು ಒಳಗೆ ತೂರಿಸಿ, ಅಷ್ಟು ಸಡಿಲ ಬಿಟ್ಟು ಕೆಲಸ ಮುಗಿಸುತ್ತಿದ್ದರು. ಮಾಸ್ಟರ್ ಮಾತ್ರ ಗಿರಾಕಿಯನ್ನು ಮಾತಿಗೆಳೆದು, ನಗುವಾಗ ಒಂದು ಸಲ, ಎಂಜಲು ನುಂಗುವಾಗ ಇನ್ನೊಂದು ಸಲ ಅಳೆಯುತ್ತಿದ್ದರು. ಬೊಂಬೆಗೆ ಹೊಲಿಯುವುದಾದರೆ ಒಂದೇ ಅಳತೆ ಸಾಕು ಎಂಬುದು ಅವರ ವಾದ.

ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುವೆ ಉದ್ದದ ಮೇಜು. ಅದರ ಮೇಲೆ ಇಸ್ತ್ರಿಪೆಟ್ಟಿಗೆ, ಚಪ್ಪಟೆ ಚಾಕ್, ಕಾಲರಿನ ಒಳಗೆ ಹಾಕುವ ದಪ್ಪ ಕ್ಯಾನ್ವಾಸಿನ ತುಂಡುಗಳು. ಕಿಟಕಿಯ ಪಕ್ಕದ ಕುರ್ಚಿ ಹೆಂಡತಿಯದು. ಗುಂಡಿ ತೂರಿಸುವ ಕಾಜಾ ತೆಗೆಯುವುದು, ಗುಂಡಿ ಹಚ್ಚುವುದು, ಅಂಚು ಮಡಿಸಿ ಹೊಲಿಯುವುದು ಅವರ ಪಾಲಿನ ಕೆಲಸ. ಕಾಜಾ ತೆಗೆಯುವ ಮೆಷಿನ್ನು ಎಲ್ಲ ಅಂಗಡಿಗೂ ಬಂದ ಮೇಲೂ ಅವರು ಕೈಯಲ್ಲೇ ತೆಗೆಯುತ್ತಿದ್ದರು. ಗಿರಾಕಿಗಳು ಅವರನ್ನು ಮಾಸ್ಟರಮ್ಮ ಎನ್ನುತ್ತಿದ್ದರು. ಯಾರಾದರೂ ಕೆಲಸ ಹೊಗಳಿದರೆ, ‘ಇವರು ಜನರ ಕತ್ತು ಹಿಡೀತಾರೆ, ನಾನು ಬಟ್ಟೆಗೆ ಕಣ್ಣು ಬಿಡಿಸ್ತೀನಿ’ ಎಂದು ದಾರ ಕಚ್ಚಿ ನಗುತ್ತಿದ್ದರು.

ಅಳತೆ ಬರೆದಿಟ್ಟುಕೊಳ್ಳುವ ಅಭ್ಯಾಸ ಆ ಅಂಗಡಿಯಲ್ಲಿ ಇರಲಿಲ್ಲ. ಮಾಸ್ಟರ್ ಟೇಪು ಹಿಡಿದು ಕೂಗುತ್ತಿದ್ದರು, ಮಾಸ್ಟರಮ್ಮ ಸೂಜಿಯಿಂದ ಕಣ್ಣೆತ್ತದೆ ಒಮ್ಮೆ ತಿರುಗಿ ಹೇಳುತ್ತಿದ್ದರು. ಅಷ್ಟಾದರೆ ಆ ಗಿರಾಕಿಯ ಎದೆ, ತೋಳು, ಸೊಂಟ ಅವರ ತಲೆಯಲ್ಲಿ ಕೂತಂತೆ. ಇನ್ನೊಂದು ಕೆಲಸವೂ ಅವರದೇ. ಹೊಸ ಬಗೆಯ ಕಾಲರ್ ಕತ್ತರಿಸಿದರೆ ಮೊದಲು ಕ್ಯಾನ್ವಾಸಿನಲ್ಲಿ ಮಾಡಿ ಅವರ ಕತ್ತಿಗೇ ಪಿನ್ನು ಹಾಕಿ ನೋಡುವುದು. ಈ ಬೀದಿಯ ಗಂಡಸರ ಕಾಲರೆಲ್ಲ ಮೊದಲು ತನ್ನ ಕತ್ತಿಗೇ ಬಿದ್ದದ್ದು ಎಂದು ಅವರು ತಂಗಿಯ ಹತ್ತಿರ ದೂರುತ್ತಿದ್ದರು.

ಅವರ ಕತ್ತಿನಲ್ಲಿದ್ದ ಗಂಟು ಗೊತ್ತಾದದ್ದೂ ಹೀಗೆಯೇ. ಒಂದು ದಿನ ಕ್ಯಾನ್ವಾಸಿನ ಕಾಲರ್ ಎಡಗಡೆಗೆ ಏರಿ ಕೂತಿತು. ಮಾಸ್ಟರ್ ತಮ್ಮ ಕತ್ತರಿಯನ್ನೇ ಅನುಮಾನಿಸಿ ಇನ್ನೊಂದು ಕತ್ತರಿಸಿದರು. ಅದೂ ಏರಿತು. ಮತ್ತೊಂದು ಕತ್ತರಿಸಿ, ಎಲ್ಲಿ ತಡೆಯುತ್ತಿದೆಯೆಂದು ಕಾಲರಿನ ಕೆಳಗೆ ಬೆರಳಾಡಿಸಿದಾಗ ದವಡೆಯ ಕೆಳಗೆ ಕೋಟಿನ ಗುಂಡಿಯಷ್ಟು ದಪ್ಪದ್ದೇನೋ ಸಿಕ್ಕಿತು. ಒತ್ತಿದರೆ ನೋವಿಲ್ಲ, ಬೆರಳಿನ ಕೆಳಗೆ ಸ್ವಲ್ಪ ಜಾರುತ್ತಿತ್ತು. ನೋವಿಲ್ಲವಲ್ಲ, ಬಿಡಿ ಎಂದರು ಮಾಸ್ಟರಮ್ಮ. ಮಾಸ್ಟರ್ ಬಿಡಲಿಲ್ಲ.

ಮಾಸ್ಟರಮ್ಮನ ತಂಗಿ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಅವಳೇ ಕರೆದುಕೊಂಡು ಹೋಗಿ ತೋರಿಸಿದಳು. ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಡಾಕ್ಟರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಂಟು ಕೆಟ್ಟ ಜಾತಿಯದು, ಆದರೆ ಔಷಧಕ್ಕೆ ಬಗ್ಗುವ ಜಾತಿಯದು. ಆರು ತಿಂಗಳು ಡ್ರಿಪ್ಪಿನಲ್ಲಿ ಔಷಧ ಹಾಕಿಸಿಕೊಳ್ಳಬೇಕು, ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಇದನ್ನೆಲ್ಲ ಅವರು ಕಂಪ್ಯೂಟರಿನ ಪರದೆಗೆ ಹೇಳಿದರು. ಬಾಗಿಲಲ್ಲಿ ಮುಂದಿನ ರೋಗಿ ಆಗಲೇ ಒಂದು ಕಾಲು ಒಳಗಿಟ್ಟಾಗಿತ್ತು. ‘ಹೆಚ್ಚಿನವರು ಗುಣವಾಗುತ್ತಾರೆ’ ಎಂಬ ಮಾತು ಮಾಸ್ಟರಮ್ಮನ ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು ‘ಡ್ರಿಪ್’ ಒಂದೇ. ಪಕ್ಕದ ಮನೆಯ ಇಸ್ತ್ರಿಯಾಕೆ ಹಿಂದಿನ ವರ್ಷ ಅಂಥದ್ದೇ ಡ್ರಿಪ್ ಹಾಕಿಸಿಕೊಳ್ಳುತ್ತ, ಕೂದಲು ಉದುರಿ, ವಾಂತಿ ಮಾಡಿಕೊಂಡೇ ಹೋಗಿಬಿಟ್ಟಿದ್ದಳು. ಅವಳ ರೋಗ ಬೇರೆ, ಕರುಳಿನದು. ಆಸ್ಪತ್ರೆಗೆ ಬಂದಾಗಲೇ ತಡವಾಗಿತ್ತು. ಆದರೆ ನೋಡುವ ಕಣ್ಣಿಗೆ ಬಾಟಲಿ ಒಂದೇ, ಕೊಳವೆ ಒಂದೇ. ಡ್ರಿಪ್ ಒಂದು ಬೇಡ, ಬೇರೆ ಏನು ಬೇಕಾದರೂ ಕುಡಿಯುತ್ತೇನೆ ಎಂದು ಮಾಸ್ಟರಮ್ಮ ಹೇಳಿಬಿಟ್ಟರು.

ಬೇರೆಯದು ಮಾಸ್ಟರಿಗೆ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಅವರ ಬಲಭುಜ ಹಿಡಿದುಕೊಂಡು ಕೈ ಮೇಲೇಳದಂತಾಗಿತ್ತು. ಆಸ್ಪತ್ರೆಯ ಮಾತ್ರೆ ನುಂಗಿ ಹೊಟ್ಟೆ ಉರಿ ಬಂತೇ ಹೊರತು ಕೈ ಏಳಲಿಲ್ಲ. ಹಿಂದಿನ ಬೀದಿಯ ವೈದ್ಯರು ಬೇರು ಕುದಿಸಿದ ಎಣ್ಣೆ ಕೊಟ್ಟರು. ಹಚ್ಚುತ್ತ ಹಚ್ಚುತ್ತ ಒಂದೂವರೆ ವರ್ಷಕ್ಕೆ ಕೈ ಮೊದಲಿನಂತಾಯಿತು. ಹಿಡಿದುಕೊಂಡ ಭುಜ ಎಣ್ಣೆ ಹಚ್ಚಿದರೂ ಹಚ್ಚದಿದ್ದರೂ ಹೆಚ್ಚಿನವರಲ್ಲಿ ಅಷ್ಟು ಹೊತ್ತಿಗೆ ತಾನಾಗಿಯೇ ಸಡಿಲಾಗುತ್ತದೆ ಎಂದು ನರ್ಸು ತಂಗಿ ಎಷ್ಟೋ ಸಲ ಹೇಳಿದ್ದಳು.

‘ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು ಭಾವ.’

‘ಕೊಂಬೆ ಮುರೀತಲ್ಲ ನರ್ಸಮ್ಮ, ನಂಗೆ ಅಷ್ಟು ಸಾಕು’ ಎಂದು ಮಾಸ್ಟರ್ ಕೈಯನ್ನು ತಲೆಯ ಮೇಲಕ್ಕೆತ್ತಿ ತೋರಿಸಿದ್ದರು.

ವೈದ್ಯರು ಮೋಸಗಾರರಾಗಿದ್ದರೆ ಈ ಕಥೆ ಬೇರೆ ದಾರಿ ಹಿಡಿಯುತ್ತಿತ್ತು. ಅವರು ವಯಸ್ಸಾದ, ಮೆಲುದನಿಯ ಮನುಷ್ಯ. ಮಾಸ್ಟರಮ್ಮನನ್ನು ಎದುರಿಗೆ ಕೂರಿಸಿಕೊಂಡು ಬೆಳಗ್ಗೆಯೆಲ್ಲ ಕೇಳಿದರು. ನಿದ್ದೆ ಹೇಗೆ, ಬಾಯಿರುಚಿ ಹೇಗೆ, ಯಾವುದನ್ನು ನೆನೆದರೆ ಎದೆ ಹೊಡೆದುಕೊಳ್ಳುತ್ತದೆ. ಮದುವೆಯಾದ ಹೊಸದರಲ್ಲಿ ಹುಟ್ಟಿ, ಉಳಿಯದೇ ಹೋದ ಮಗುವಿನ ವಿಷಯವನ್ನು ಮಾಸ್ಟರಮ್ಮ ಅವತ್ತು ಬಾಯಿಬಿಟ್ಟು ಆಡಿದರು. ಅಷ್ಟು ವರ್ಷದಲ್ಲಿ ಗಂಡನ ಹತ್ತಿರವೂ ಆಡಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಾಸ್ಟರ್ ನೆಲ ನೋಡುತ್ತಿದ್ದರು. ವೈದ್ಯರು ಕತ್ತಿಗೆ ಲೇಪ, ಕುಡಿಯಲು ಕಹಿ ಕಷಾಯ ಕೊಟ್ಟರು. ಕಟ್ಟುನಿಟ್ಟಿನ ಪಥ್ಯ ಹೇಳಿದರು. ಉಪ್ಪಿಲ್ಲ, ಎಣ್ಣೆಯಿಲ್ಲ, ಸಿಹಿಯಿಲ್ಲ, ಹೊತ್ತಿಗಿಷ್ಟು ತೆಳು ಗಂಜಿ. ಎದ್ದು ಹೊರಡುವಾಗ ಮಾಸ್ಟರನ್ನು ಕರೆದು ಅವರಾಡಿದ ಮಾತೇ ಮಾಸ್ಟರಿಗೆ ಹಿಡಿಸಿಬಿಟ್ಟಿತು.

‘ನನ್ನನ್ನ ನಂಬಬೇಡಿ ಮಾಸ್ಟರ್. ನಿಮ್ಮ ಟೇಪನ್ನ ನಂಬಿ. ವಾರಕ್ಕೊಂದು ಸಲ ಕತ್ತು ಅಳೀರಿ. ಇಳೀಲಿಲ್ಲ ಅಂದ್ರೆ ನಾನೇ ಆಸ್ಪತ್ರೆಗೆ ಹೋಗಿ ಅಂತೀನಿ.’

ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ ಮಾಸ್ಟರಮ್ಮ ಗಲ್ಲ ಎತ್ತಿ ಕೂರುವರು. ಲೇಪ ತೊಳೆದು, ಒರೆಸಿ, ಏನೂ ತಿನ್ನುವ ಮೊದಲು, ಅದೇ ಜಾಗಕ್ಕೆ, ಗಂಟಿನ ಮೇಲೆಯೇ ಹಾಯುವಂತೆ ಮಾಸ್ಟರ್ ಟೇಪು ಸುತ್ತುವರು. ಬಿಗಿ ಹೆಚ್ಚಾಗಬಾರದು, ಕಮ್ಮಿಯೂ ಆಗಬಾರದು. ಅಷ್ಟು ಶಿಸ್ತಿನ ಅಳತೆಯನ್ನು ಪ್ರಯೋಗಶಾಲೆಗಳಲ್ಲೂ ಎಲ್ಲರೂ ಮಾಡುವುದಿಲ್ಲ. ಮೊದಲ ಕೆಲವು ವಾರ ಗಂಟು ನಿಜಕ್ಕೂ ಮೆತ್ತಗಾಗಿ ಸ್ವಲ್ಪ ಇಳಿಯಿತು. ಈ ಜಾತಿಯ ಗಂಟುಗಳು ಏನೂ ಮಾಡದಿದ್ದರೂ ಒಂದಿಷ್ಟು ಇಳಿದು ಮತ್ತೆ ಏರುವುದುಂಟು. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನರ್ಸಮ್ಮ ಓದಿ ತಿಳಿದದ್ದು ಆಮೇಲೆ. ಆ ಹೊತ್ತಿಗೆ ಅವಳ ಮಾತಿಗೆ ಕಿವಿಗಳೇ ಉಳಿದಿರಲಿಲ್ಲ. ಏಕೆಂದರೆ ಟೇಪು ಇಳಿಯುತ್ತಲೇ ಹೋಯಿತು. ಒಂದು ವಾರ ಕೂದಲೆಳೆಯಷ್ಟು, ಇನ್ನೊಂದು ವಾರ ಅದಕ್ಕೂ ಹೆಚ್ಚು. ಒಟ್ಟು ಅರ್ಧ ಇಂಚು ಇಳಿದ ದಿನ ಮಾಸ್ಟರ್ ಅಂಗಡಿಗೆ ಬಂದವರಿಗೆಲ್ಲ ಚಹಾ ಕೊಡಿಸಿದರು. ಮೈಯಲ್ಲಿ ಗಂಟಿದೆಯೆಂದು ಹೇಳಿಕೊಂಡ ಗಿರಾಕಿಗಳಿಗೆ ವೈದ್ಯರ ಮನೆಯ ದಾರಿ ಹೇಳಿಕೊಟ್ಟರು. ಮಾಸ್ಟರೇ ಅಳೆದು ನೋಡಿದ್ದಾರಂತೆ ಎಂದ ಮೇಲೆ ಬೀದಿಯಲ್ಲಿ ಬೇರೆ ಸಾಕ್ಷಿ ಯಾರಿಗೂ ಬೇಕಿರಲಿಲ್ಲ.

ನರ್ಸಮ್ಮ ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದಳು. ಬಂದವಳು ಜಗಳ ತೆಗೆಯದೆ ಕೈ ತೊಳೆದದ್ದಿಲ್ಲ.

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅಕ್ಕನಿಗೆ ಡ್ರಿಪ್ ಬೇಡ, ನಿಮ್ಮ ವೈದ್ಯರಿಗೆ ಡ್ರಿಪ್ ಗೊತ್ತಿಲ್ಲ. ಜೋಡಿ ಚೆನ್ನಾಗಿದೆ.’

‘ಹಾಲೂ ಇಲ್ಲ, ಅನ್ನವೂ ಇಲ್ಲ ಕಣೇ, ಬರೀ ಗಂಜಿ’ ಎಂದರು ಮಾಸ್ಟರಮ್ಮ.

ಮಾಸ್ಟರ್ ಆಸ್ಪತ್ರೆಯ ತಪ್ಪುಗಳನ್ನು ಒಂದೊಂದಾಗಿ ಎತ್ತುವರು. ಹೊಟ್ಟೆ ಸುಟ್ಟ ಮಾತ್ರೆ, ಮುಖ ನೋಡದ ಡಾಕ್ಟರು, ಇಸ್ತ್ರಿಯಾಕೆ. ನರ್ಸಮ್ಮ ಅವನ್ನೆಲ್ಲ ಒಪ್ಪುತ್ತಿದ್ದಳು. ಬೇರು, ತೊಗಟೆ ಕೆಟ್ಟದ್ದೆಂದೂ ಅವಳು ಹೇಳುತ್ತಿರಲಿಲ್ಲ. ತಮ್ಮ ಆಸ್ಪತ್ರೆಯ ಎಷ್ಟೋ ಔಷಧ ಹುಟ್ಟಿದ್ದು ಅಲ್ಲಿಂದಲೇ. ಆದರೆ ಯಾವುದೇ ಔಷಧವಾದರೂ ಒಂದೇ ರೋಗದ ನೂರಾರು ಜನರಲ್ಲಿ ಅರ್ಧ ಜನಕ್ಕೆ ಕೊಟ್ಟು, ಅರ್ಧ ಜನಕ್ಕೆ ಕೊಡದೆ, ಎರಡೂ ಗುಂಪನ್ನು ಹೋಲಿಸಿ ನೋಡಬೇಕು. ವೈದ್ಯರ ಲೇಪಕ್ಕೆ ಆ ಪರೀಕ್ಷೆ ಆಗಿದೆಯೇ ಎಂದು ಅವಳು ಕೇಳುತ್ತಿದ್ದಳು.

‘ನಂಗಿರೋದು ಒಬ್ಬಳೇ ಹೆಂಡತಿ ನರ್ಸಮ್ಮ. ಅರ್ಧಕ್ಕೆ ಹಚ್ಚಿ ಅರ್ಧಕ್ಕೆ ಬಿಡೋಕೆ ಬರುತ್ತಾ?’

ಮಾಸ್ಟರಮ್ಮ ನಕ್ಕರು. ತಂಗಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಮಾಸ್ಟರ್ ಕತ್ತಿನಲ್ಲಿ ನೇತಾಡುತ್ತಿದ್ದ ಟೇಪು ತೆಗೆದು ಊಟದ ಮೇಜಿನ ಮೇಲೆ ಇಟ್ಟು, ಇದು ಸುಳ್ಳು ಹೇಳುತ್ತದೆಯೇ ಎಂದು ಕೇಳಿದರು. ಆ ಕೈ ಅಳತೆ ತಪ್ಪುವ ಕೈಯಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅಕ್ಕ ಸೊರಗಿದ್ದಾಳಲ್ಲ ಎಂದಳು. ಅದಕ್ಕೆ ಉತ್ತರ ಸಿದ್ಧವಿತ್ತು. ಪಥ್ಯದಲ್ಲಿ ಮೈ ಹಗುರವಾಗುತ್ತದೆಂದು ವೈದ್ಯರು ಮೊದಲೇ ಹೇಳಿದ್ದರು. ಎಷ್ಟೋ ವರ್ಷದಿಂದ ಸಣ್ಣಗಾಗಬೇಕೆಂದಿದ್ದೆ, ಈಗ ಆದೆ ಎಂದರು ಮಾಸ್ಟರಮ್ಮ. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ರಾತ್ರಿ ನಿದ್ದೆ ಬರುತ್ತಿತ್ತು. ಅಷ್ಟರಮಟ್ಟಿಗೆ ವೈದ್ಯರು ಏನೋ ಗುಣ ಮಾಡಿದ್ದರು ಎಂಬುದನ್ನು ನರ್ಸಮ್ಮನಿಗೂ ಅಲ್ಲಗಳೆಯಲಾಗುತ್ತಿರಲಿಲ್ಲ. ಉಳಿಯದ ಮಗುವಿನ ವಿಷಯ ಕೇಳುವಷ್ಟು ಪುರುಸೊತ್ತು ತಮ್ಮ ವಾರ್ಡಿನಲ್ಲಿ ಯಾರಿಗೂ ಇಲ್ಲವೆಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಅವಳೇ ಹೇಳಿಕೊಂಡಳು.

ಚಳಿಗಾಲ ಬಂತು. ಮಾಸ್ಟರಮ್ಮನಿಗೆ ಬಿಸಿಲಿನಲ್ಲಿ ಕೂತರೂ ನಡುಕ. ಮಾಸ್ಟರ್ ಒಳ್ಳೆಯ ಉಣ್ಣೆ ಬಟ್ಟೆ ತಂದು ಹೆಂಡತಿಗೆ ಕೋಟು ಹೊಲಿಯಲು ಕೂತರು. ಊರಿಗೆಲ್ಲ ಹೊಲಿಯುವ ಮನೆಯಲ್ಲಿ ಅವರಿಗೆಂದು ಅಳತೆ ತೆಗೆದು ವರ್ಷಗಳಾಗಿದ್ದವು. ಮಾಸ್ಟರಮ್ಮ ಮೇಜು ಹಿಡಿದು ನಿಂತರು. ಇವರು ಕೂಗಿದರು, ಅವರು ತಿರುಗಿ ಹೇಳಿದರು. ಭುಜ, ಎದೆ, ಸೊಂಟ, ತೋಳು. ಒಂದೊಂದಕ್ಕೂ ಮಾಸ್ಟರ ದನಿ ತಗ್ಗುತ್ತ ಹೋಯಿತು. ಸಣ್ಣಗಾಗಿದ್ದಾಳೆಂಬುದು ಗೊತ್ತಿದ್ದ ವಿಷಯವೇ. ಮಣಿಕಟ್ಟಿಗೆ ಬಂದಾಗ ಅವರ ಕೈ ನಿಂತಿತು.

ದರ್ಜಿಗಳಲ್ಲಿ ಒಂದು ಹಳೆಯ ಲೆಕ್ಕವಿದೆ. ಮಣಿಕಟ್ಟಿನ ಎರಡು ಸುತ್ತು ಕತ್ತಿನ ಒಂದು ಸುತ್ತು, ಕತ್ತಿನ ಎರಡು ಸುತ್ತು ಸೊಂಟದ ಒಂದು ಸುತ್ತು. ಪೂರಾ ಕರಾರುವಾಕ್ಕಲ್ಲ, ಆದರೆ ಅಳತೆಯಲ್ಲಿ ಎಡವಟ್ಟಾಗಿದ್ದರೆ ಅದು ಕೂಡಲೇ ತೋರಿಸಿಕೊಡುತ್ತದೆ. ಈಗ ಮಣಿಕಟ್ಟಿನ ಎರಡು ಸುತ್ತು ಕತ್ತಿನ ಹತ್ತಿರಕ್ಕೂ ಬರುತ್ತಿರಲಿಲ್ಲ. ಮಾಸ್ಟರ್ ಟೇಪು ಬಿಚ್ಚಿ ಮತ್ತೆ ಸುತ್ತಿದರು. ಯಾವಾಗಲೂ ಮೊದಲು ಅನುಮಾನಿಸುವುದು ತಮ್ಮ ಕೈಯನ್ನೇ. ಅಳತೆ ಸರಿಯಾಗಿಯೇ ಇತ್ತು. ಮಣಿಕಟ್ಟಿನಲ್ಲಿ ಗಂಟಿರಲಿಲ್ಲ. ಅದಕ್ಕೆ ಯಾರೂ ಲೇಪ ಹಚ್ಚಿರಲಿಲ್ಲ. ಆದರೂ ಅದು ಕತ್ತಿಗಿಂತ ಹೆಚ್ಚು ಇಳಿದಿತ್ತು. ಎದೆಯೂ ಹಾಗೆಯೇ, ಸೊಂಟವೂ ಹಾಗೆಯೇ. ಮೈಯೆಲ್ಲ ಕರಗುತ್ತಿತ್ತು, ಮೈಯೊಂದಿಗೆ ಕತ್ತೂ ಕರಗಿತ್ತು. ಎಲ್ಲಕ್ಕಿಂತ ಕಮ್ಮಿ ಕರಗಿದ್ದು ಕತ್ತೇ, ಯಾಕೆಂದರೆ ಅಲ್ಲಿ ಗಂಟು ಒಳಗೊಳಗೇ ಬೆಳೆಯುತ್ತಿತ್ತು. ಟೇಪು ಸುಳ್ಳು ಹೇಳಿರಲಿಲ್ಲ. ಅದು ಕತ್ತನ್ನು ಅಳೆದಿತ್ತು. ಗಂಟನ್ನು ಅಳೆದಿರಲಿಲ್ಲ.

‘ಹೇಳ್ರಿ, ಮಣಿಕಟ್ಟು ಎಷ್ಟು?’ ಎಂದು ಮಾಸ್ಟರಮ್ಮ ಕೇಳಿದರು.

ಮಾಸ್ಟರ್ ಹೇಳಿದರು. ಈ ಸಲ ಮಾಸ್ಟರಮ್ಮ ತಿರುಗಿ ಹೇಳಲಿಲ್ಲ. ಜೀವಮಾನವೆಲ್ಲ ಊರವರ ಅಳತೆ ತಲೆಯಲ್ಲಿ ಹೊತ್ತವರಿಗೆ ಆ ಅಳತೆಯ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

‘ಮೊನ್ನೆ ಕತ್ತು ಎಷ್ಟಿತ್ತು?’

ಅದನ್ನೂ ಹೇಳಿದರು. ಮಾಸ್ಟರಮ್ಮ ಚಾಚಿದ ಕೈ ಇಳಿಸಿ, ಕುರ್ಚಿ ಹುಡುಕಿ ಕೂತರು. ತಂಗಿಗೆ ಬರಲು ಹೇಳಿ ಎಂದರು.

ಅದೇ ಡಾಕ್ಟರು ಈ ಸಲ ಪರದೆ ಬಿಟ್ಟು ಮುಖ ನೋಡಿ ಮಾತಾಡಿದರು. ರೋಗ ಎದೆಗೂ ಹೊಟ್ಟೆಗೂ ಇಳಿದಿತ್ತು. ಡ್ರಿಪ್ ಶುರು ಮಾಡಿದರು. ಎರಡನೆಯದಕ್ಕೇ ಮೈ ತಾಳಲಿಲ್ಲ. ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಔಷಧ ಕೊಡುತ್ತೇವೆ ಎಂದರು. ಕಿಟಕಿಯ ಪಕ್ಕ ಕುರ್ಚಿ ಇದ್ದ ಜಾಗಕ್ಕೆ ಮಂಚ ಬಂತು. ಮಾಸ್ಟರ್ ಕೋಟು ಮುಗಿಸಿದರು. ಗಂಟಿಗೆ ಒತ್ತಬಾರದೆಂದು ಅದಕ್ಕೆ ಕಾಲರ್ ಇಡಲಿಲ್ಲ. ಕತ್ತಿನ ಸುತ್ತ ಅಗಲವಾಗಿ ಕತ್ತರಿಸಿ ಮೆತ್ತನೆಯ ಪಟ್ಟಿ ಹಚ್ಚಿದರು. ಕಾಜಾಗಳನ್ನು ಅವರೇ ಕೈಯಲ್ಲಿ ತೆಗೆದರು. ಮಾಸ್ಟರಮ್ಮ ಮಲಗಿದಲ್ಲೇ ಅವುಗಳ ಮೇಲೆ ಬೆರಳಾಡಿಸಿ, ‘ಕಣ್ಣು ಮೆಳ್ಳಗಣ್ಣಾಗಿದೆ’ ಎಂದರು.

ಒಂದು ಮಧ್ಯಾಹ್ನ ತಂಗಿ ದಿಂಬು ಸರಿಮಾಡುತ್ತಿದ್ದಾಗ ಅವರು ಕೇಳಿದರು. ಮಾಸ್ಟರ್ ನೀರಿನ ಲೋಟ ಹಿಡಿದು ಅಲ್ಲೇ ನಿಂತಿದ್ದರು.

‘ಅವತ್ತೇ ಡ್ರಿಪ್ ಹಾಕಿಸಿಕೊಂಡಿದ್ರೆ ಉಳೀತಿದ್ನೇನೇ?’

ನರ್ಸಮ್ಮನಿಗೆ ಉತ್ತರ ಗೊತ್ತಿತ್ತು. ಆ ಜಾತಿಯ ಗಂಟಿಗೆ, ಆ ಹಂತದಲ್ಲಿ, ಹತ್ತು ಜನ ಬಂದರೆ ಎಂಟು ಜನ ಗುಣವಾಗಿ ಮನೆಗೆ ಹೋಗುವುದನ್ನು ಅವಳು ತನ್ನ ವಾರ್ಡಿನಲ್ಲೇ ನೋಡಿದ್ದಳು. ಇಷ್ಟು ತಿಂಗಳು ಆ ಮಾತನ್ನು ಅಕ್ಕನಿಗೂ ಭಾವನಿಗೂ ತಿಳಿಹೇಳಲು ಹೆಣಗಿದವಳು ಅವಳೇ. ದಿಂಬಿನ ಅಂಚು ಎಳೆದು ಎಳೆದು ಸರಿಮಾಡಿದಳು.

‘ಹಾಗೆಲ್ಲ ಹೇಳೋಕಾಗಲ್ಲ ಅಕ್ಕ. ಕೆಲವರ ಮೈಗೆ ಅದೂ ಒಗ್ಗಲ್ಲ.’

ಮಾಸ್ಟರಮ್ಮ ಗಂಡನ ಕಡೆ ತಿರುಗಿದರು. ‘ಕೇಳಿಸಿಕೊಂಡ್ರಾ? ಹೇಳೋಕಾಗಲ್ವಂತೆ.’

ಆಮೇಲೆ ಅಡುಗೆಮನೆಯಲ್ಲಿ ಮಾಸ್ಟರ್, ನಿಜ ಎಷ್ಟು ಎಂದು ನರ್ಸಮ್ಮನನ್ನು ಕೇಳಿದರು. ಅವಳು ನಲ್ಲಿ ಬಿಟ್ಟು, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.

ಮಾಸ್ಟರಮ್ಮ ಹೋದದ್ದು ಚಳಿ ಮುಗಿಯುವ ಮೊದಲೇ. ಅಂಗಡಿ ಬಹಳ ದಿನ ಮುಚ್ಚಿತ್ತು. ತೆರೆದ ದಿನ ಮಾಸ್ಟರ್ ಬಟ್ಟೆ ಮುಟ್ಟಲಿಲ್ಲ. ಬಾಗಿಲು ತೆರೆದಿಟ್ಟೇ ಹಿಂದಿನ ಬೀದಿಗೆ ನಡೆದರು. ಅವರು ಜಗಳಕ್ಕೆ ಹೋಗುತ್ತಿದ್ದಾರೆಂದುಕೊಂಡು ಪಕ್ಕದ ಮನೆಯ ಇಸ್ತ್ರಿಯಂಗಡಿಯವನು ಹಿಂದೆಯೇ ಹೋಗಿ, ದೂರ ನಿಂತ.

ಜಗಳವೇನೂ ಆಗಲಿಲ್ಲ. ವೈದ್ಯರು ನಗುಮುಖದಿಂದಲೇ ಬನ್ನಿ ಎಂದು, ಮಾಸ್ಟರಮ್ಮ ಹೇಗಿದ್ದಾರೆ ಎಂದು ಕೇಳಿದರು. ಅವರಿಗೆ ಸುದ್ದಿ ತಿಳಿದಿರಲಿಲ್ಲ. ಮಾಸ್ಟರ್ ಹೇಳಿದರು. ವೈದ್ಯರು ಕೈಯಲ್ಲಿದ್ದ ಬಾಟಲಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಪಥ್ಯ ಏನಾದರೂ ತಪ್ಪಿತ್ತೇ ಎಂದು ಕೇಳಿದರು.

‘ಒಂದು ದಿನವೂ ಇಲ್ಲ.’

‘ನಂಗೆ ಗೊತ್ತೇ ಆಗಲಿಲ್ಲ ಮಾಸ್ಟರ್. ಬರೋದು ನಿಲ್ಲಿಸಿದವರಿಗೆ ಗುಣ ಆಯ್ತು ಅಂತಲೇ ಅಂದುಕೊಳ್ತೀನಿ. ಆಗಲಿಲ್ಲ ಅಂತ ಇಲ್ಲಿವರೆಗೆ ಯಾರೂ ಬಂದು ಹೇಳಿಲ್ಲ.’

‘ಬಂದು ಹೇಳೋಕೆ ಅವರಿದ್ರೆ ತಾನೇ. ಅದಕ್ಕೇ ನಾನು ಬಂದೆ.’

ಭುಜಕ್ಕೆ ಎಣ್ಣೆ ಹಚ್ಚುವುದನ್ನು ತಾನು ಬೇಡವೆನ್ನುವುದಿಲ್ಲ ಎಂದರು ಮಾಸ್ಟರ್. ಆದರೆ ಗಂಟೆಂದು ಬಂದವರನ್ನು ಮೊದಲು ಆಸ್ಪತ್ರೆಗೆ ಕಳಿಸಿ. ಅಳೆದು ನೋಡಿ ಎಂದು ಯಾರಿಗಾದರೂ ಹೇಳುವುದಾದರೆ, ಮಣಿಕಟ್ಟನ್ನೂ ಅಳೆಯಿರಿ ಎಂದು ಹೇಳಿ. ವೈದ್ಯರು ಪಕ್ಕಕ್ಕಿಟ್ಟ ಬಾಟಲಿಯನ್ನು ಮತ್ತೆ ಕೈಗೆತ್ತಿಕೊಂಡರು.

ಹೊರಗೆ ಬೆಂಚಿನ ಮೇಲೆ ಕತ್ತಿಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ಗಂಡನೊಂದಿಗೆ ಕಾಯುತ್ತಿದ್ದಳು. ಮಾಸ್ಟರನ್ನು ಕಂಡು ಅವಳ ಮುಖ ಅರಳಿತು. ನೀವೇ ಅಲ್ಲವೇ ಅಳೆದು ನೋಡಿದವರು, ನಿಮ್ಮ ಮಾತು ಕೇಳಿಯೇ ನಾವು ಬಂದದ್ದು ಎಂದಳು. ಮಾಸ್ಟರ್ ಅವಳ ಪಕ್ಕದಲ್ಲಿ ಕೂತರು. ಕಾಲರ್ ಏರಿ ಕೂತದ್ದರಿಂದ ಹಿಡಿದು ಕೋಟಿನವರೆಗೆ ಒಂದನ್ನೂ ಬಿಡದೆ ಹೇಳಿದರು. ಅವಳ ಗಂಡ ನಡುನಡುವೆ ಅವಳ ಕತ್ತನ್ನೂ ಅವಳ ಕೈಯನ್ನೂ ನೋಡುತ್ತಿದ್ದ. ಮಾತು ಮುಗಿಯುವಾಗ ಒಳಗಿನಿಂದ ಕರೆ ಬಂತು. ಅವಳು ಎದ್ದು ನಿಂತು ಕತ್ತಿನ ಬಟ್ಟೆ ಸರಿಮಾಡಿಕೊಂಡಳು.

‘ನಂದು ಅಷ್ಟು ದೊಡ್ಡ ಗಂಟಲ್ಲ ಮಾಸ್ಟರ್’ ಎಂದು ಒಳಗೆ ಹೋದಳು. ಗಂಡನೂ ಹಿಂದೆ ಹೋದ.

ಇಸ್ತ್ರಿಯಂಗಡಿಯವನು ಹತ್ತಿರ ಬಂದು, ಹೋಗೋಣ ನಡೀರಿ, ಅಂಗಡಿ ತೆರೆದಿಟ್ಟೇ ಬಂದಿದ್ದೀರಿ ಎಂದ. ನೀನು ಹೋಗಿ ನೋಡಿಕೊಂಡಿರು ಎಂದರು ಮಾಸ್ಟರ್. ಅವರಿಬ್ಬರು ಹೊರಗೆ ಬರುವವರೆಗೂ ಬೆಂಚು ಬಿಟ್ಟು ಏಳಲಿಲ್ಲ.